ಅಡ್ಡ ಬಂದವನು

ಮೆಕ್ಸಿಕೋದಿಂದ ವಾಪಸ್ ಬಂದ ಮೇಲೆ ಒಂದು ಭಾನುವಾರ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಫೋಟೋ ತೋರಿಸುತ್ತಾ ಕೂತಿದ್ದೆ. ಗ್ವಾನಹ್ವಾತೊ ಊರಿನ ಫೋಟೋ ಬಂದ ಕೂಡಲೇ ಅಕ್ಕ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. ಆ ಊರಿನ ಫೋಟೋ ನೋಡಿದವರೆಲ್ಲ ಹಾಗೇ ಮಾಡುತ್ತಾರೆ. ಗುಡ್ಡದ ಮೈಮೇಲೆಲ್ಲ ಮನೆಗಳು. ಒಂದು ಅರಿಶಿನ, ಒಂದು ಗುಲಾಬಿ, ಪಕ್ಕದ್ದು ಗಿಳಿಹಸಿರು, ಅದರ ತಲೆಯ ಮೇಲೆ ನೇರಳೆ. ದಸರಾ ಗೊಂಬೆ ಕೂರಿಸೋಕೆ ಮೆಟ್ಟಿಲು ಕಟ್ಟಿದ ಹಾಗೆ ಒಂದರ ಮೇಲೊಂದು. ಅಕ್ಕ ಒಂದೊಂದನ್ನೇ ದೊಡ್ಡದು ಮಾಡಿ ನೋಡುತ್ತಾ ಹೋದಳು. ಒಂದು ಫೋಟೋ ಹತ್ತಿರ ಬೆರಳು ನಿಂತಿತು. ಕಡಿದಾದ ಮೆಟ್ಟಿಲ ಓಣಿ, ಎರಡೂ ಕಡೆ ಬಣ್ಣದ ಗೋಡೆ, ನಡುವೆ ಒಬ್ಬ ಮನುಷ್ಯನ ಬೆನ್ನು. ಬೆನ್ನ ಮೇಲೆ ನೀಲಿ ನೀರಿನ ಕ್ಯಾನು. "ಎಷ್ಟು ಚೆನ್ನಾಗಿದೆ ಕಣೇ ಇದು! ಇವನೊಬ್ಬ ಅಡ್ಡ ಬಂದಿದಾನೆ ಅಷ್ಟೆ. ತೆಗೆದುಬಿಡು, ಫ್ರೇಮ್ ಹಾಕಿಸೋಣ" ಅಂದಳು. ಈಗಿನ ಫೋನಿನಲ್ಲಿ ಅದು ಕಷ್ಟವೂ ಅಲ್ಲ. ಬೆರಳಲ್ಲಿ ಸುತ್ತಿದರೆ ಸಾಕು, ಮನುಷ್ಯ ಮಾಯ, ಅವನಿದ್ದ ಜಾಗದಲ್ಲಿ ಮೆಟ್ಟಿಲು ಬಂದು ಕೂರುತ್ತದೆ. "ಬೇಡ ಅಕ್ಕ, ಇರಲಿ" ಅಂದೆ. ಯಾಕೆ ಅಂತ ಆಗ ಹೇಳೋಕೆ ಬರಲಿಲ್ಲ.

ಆ ಮಾತು ಆಮೇಲೂ ನನ್ನನ್ನು ಬಿಡಲಿಲ್ಲ. ಅಡ್ಡ ಬಂದಿದಾನೆ. ಅಕ್ಕನ ತಪ್ಪೇನೂ ಇಲ್ಲ. ಅವಳಿಗೆ ಕಂಡಿದ್ದು ಒಂದು ಚಂದದ ಓಣಿ, ಅದನ್ನು ಮರೆ ಮಾಡಿದ ಒಂದು ಬೆನ್ನು. ಆದರೆ ಅಲ್ಲಿ ನಾಲ್ಕು ದಿನ ಇದ್ದು ಬಂದ ನನಗೆ ಗೋಡೆಯ ಬಣ್ಣಕ್ಕಿಂತ ಜಾಸ್ತಿ ನೆನಪಿರುವುದು ಆ ಬೆನ್ನು. ಅದರ ಬಗ್ಗೆ ಸರಿಯಾಗಿ ಕೂತು ಯೋಚನೆ ಮಾಡಬೇಕು ಅನ್ನಿಸಿತು.

ನದಿ ಹರಿದಲ್ಲಿ ಟ್ಯಾಕ್ಸಿ

ಕೆಲಸದ ಮೇಲೆ ಏಳು ತಿಂಗಳು ಗ್ವಾದಲಹಾರಾದಲ್ಲಿದ್ದೆ. ಅಲ್ಲಿಂದ ಗ್ವಾನಹ್ವಾತೊಗೆ ಬಸ್ಸಿನಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ಅಕ್ಟೋಬರ್ ಕೊನೆಯಲ್ಲಿ ನಾಲ್ಕು ದಿನ ರಜೆ ಸಿಕ್ಕಿತು, ಹೊರಟುಬಿಟ್ಟೆ. ಬಸ್ ಸ್ಟ್ಯಾಂಡ್ ಊರಿನ ಹೊರಗಿದೆ. ಅಲ್ಲಿಂದ ಹಿಡಿದ ಟ್ಯಾಕ್ಸಿ ಸ್ವಲ್ಪ ಹೊತ್ತಿಗೆ ಸುರಂಗಕ್ಕೆ ಇಳಿಯಿತು. ಕಲ್ಲಿನ ಕಮಾನು, ಹಳದಿ ದೀಪ, ಒದ್ದೆ ಕಲ್ಲಿನ ವಾಸನೆ. ಸುರಂಗದೊಳಗೇ ಒಂದು ಕವಲು, ಮುಂದೆ ಇನ್ನೊಂದು ಕವಲು. ನಡುವಲ್ಲೇ ಡ್ರೈವರ್ ಗಾಡಿ ನಿಲ್ಲಿಸಿ, ಗೋಡೆಯ ಪಕ್ಕದ ಮೆಟ್ಟಿಲು ತೋರಿಸಿ "ಊರು ಮೇಲಿದೆ" ಅಂದರು.

ನಾನು ಇಳಿದ ಜಾಗದಲ್ಲಿ ಹಿಂದೆ ನದಿ ಹರಿಯುತ್ತಿತ್ತು. ಎರಡು ಗುಡ್ಡದ ನಡುವಿನ ಕಿರಿದಾದ ಕಣಿವೆ, ಅದರ ತಳದಲ್ಲಿ ನದಿ, ನದಿಯ ದಂಡೆಯಲ್ಲೇ ಊರು. ಮಳೆ ಜೋರಾದಾಗಲೆಲ್ಲ ನೀರು ಮನೆಯೊಳಗೆ ಬರುತ್ತಿತ್ತು. ಪ್ರತಿ ಪ್ರವಾಹದ ನಂತರ ಜನ ನೆಲವನ್ನೇ ಮೇಲೆತ್ತಿ ಮತ್ತೆ ಕಟ್ಟಿದರು. ಸ್ಯಾನ್ ದಿಯೆಗೊ ಚರ್ಚಿನ ಹತ್ತಿರ ಮೆಟ್ಟಿಲಿಳಿದು ಹೋದರೆ ಹಳೆಯ ಮಠದ ಗೋಡೆ, ಕಂಬಗಳು ಈಗಲೂ ಇವೆ, ಈಗಿನ ಬೀದಿಗಿಂತ ಎಷ್ಟೋ ಅಡಿ ಕೆಳಗೆ. ಜುಲೈ 1, 1905ರ ಪ್ರವಾಹವನ್ನಂತೂ ಊರು ಇನ್ನೂ ಮರೆತಿಲ್ಲ. ಆಮೇಲೆ ನದಿಗೆ ಬೇರೆ ದಾರಿ ಮಾಡಿಕೊಟ್ಟರು. 1960ರ ದಶಕದಲ್ಲಿ ಖಾಲಿಯಾದ ನದಿಯ ಪಾತ್ರವೇ ವಾಹನಗಳ ರಸ್ತೆಯಾಯಿತು. ಹಾಗಾಗಿ ಕಾರು, ಬಸ್ಸು ಎಲ್ಲ ಬಹುಪಾಲು ಕೆಳಗೇ ಓಡಾಡುತ್ತವೆ. ಗುಡ್ಡದ ಮೇಲಿನ ಓಣಿಗಳಿಗೆ ಗಾಡಿ ಬರುವುದಿಲ್ಲ, ಬರುವ ಹಾಗೂ ಇಲ್ಲ. ಸ್ಪ್ಯಾನಿಷ್‌ನಲ್ಲಿ ಆ ಓಣಿಗಳಿಗೆ ಕಯ್ಯೆಹೋನ್ ಅನ್ನುತ್ತಾರೆ. ಕೆಲವು ಎಷ್ಟು ಕಿರಿದು ಅಂದರೆ ಎದುರಿಂದ ಜನ ಬಂದರೆ ಒಬ್ಬರು ಗೋಡೆಗೆ ಒರಗಬೇಕು. ಎರಡು ಬಾಲ್ಕನಿ ಮುಟ್ಟುವಷ್ಟು ಹತ್ತಿರ ಇರುವ 'ಚುಂಬನದ ಓಣಿ'ಯನ್ನು ನೋಡೋಕೆ ಜನ ಸಾಲು ನಿಲ್ಲುತ್ತಾರೆ. ನಾನೂ ನಿಂತೆ. ಅದಕ್ಕಿಂತ ಚಂದದ ಓಣಿಗಳು ಆ ಊರಿನಲ್ಲಿ ತುಂಬಾ ಇವೆ.

ನಾನು ಉಳಿದುಕೊಂಡ ಮನೆ ಸುರಂಗದಿಂದ ಮೇಲೆ 116 ಮೆಟ್ಟಿಲು. ಮನೆಯ ಒಡತಿ ಸೆನ್ಯೋರಾ (ಅಲ್ಲಿ 'ಅಮ್ಮಾವ್ರು' ಅನ್ನುವ ಹಾಗೆ) ಕೆಳಗೆ ಇಳಿದು ಬಂದು ಕಾಯುತ್ತಿದ್ದರು. ಅರವತ್ತು ದಾಟಿದವರು. ನಾನು ಬೇಡ ಬೇಡ ಅಂದರೂ ಸೂಟ್‌ಕೇಸಿನ ಒಂದು ಬದಿ ಹಿಡಿದುಕೊಂಡರು. ಊರು ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಮೂವತ್ತು ಮೆಟ್ಟಿಲಿಗೇ ನನಗೆ ಏದುಸಿರು ಬಂತು. ಅವರು ನಿಂತು, ಸಣ್ಣ ಮಗುವಿಗೆ ಹೇಳುವ ಹಾಗೆ ಕೈಸನ್ನೆ ಮಾಡಿ ತೋರಿಸಿದರು. ನೇರ ಹತ್ತಬೇಡ. ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ. ಅಡ್ಡಡ್ಡ ಹತ್ತು. ಹಾಗೆ ಮಾಡಿದೆ. ದಾರಿ ಉದ್ದವಾಯಿತು, ಉಸಿರು ಮಾತ್ರ ಹಿಡಿತಕ್ಕೆ ಬಂತು.

ಅವರ ಮನೆಯಲ್ಲಿ ಇನ್ನೊಂದು ನಿಯಮ ಕಲಿತೆ. ಕೆಳಗೆ ಹೋಗುವವರು ಬರಿಗೈಯಲ್ಲಿ ಹೋಗಬಾರದು, ಮೇಲೆ ಬರುವವರು ಬರಿಗೈಯಲ್ಲಿ ಬರಬಾರದು. ಇಳಿಯುವಾಗ ಕಸದ ಚೀಲ, ಹತ್ತುವಾಗ ಟೊಮೆಟೊ, ಈರುಳ್ಳಿ, ಸೋಪು. ಮರೆತದ್ದನ್ನು ತರೋಕೆ ಅಂತ ಸುಮ್ನೆ ಒಂದು ಸಲ ಇಳಿಯುವ ಹಾಗಿಲ್ಲ. ಕುಡಿಯುವ ನೀರಿನ 20 ಲೀಟರ್ ಕ್ಯಾನು, ಗ್ಯಾಸ್ ಸಿಲಿಂಡರ್, ಮನೆ ರಿಪೇರಿಗೆ ಇಟ್ಟಿಗೆ, ಸಿಮೆಂಟು, ಮರಳು, ಯಾರಿಗಾದರೂ ಹುಷಾರಿಲ್ಲದಿದ್ದರೆ ಅವರು, ಎಲ್ಲರೂ ಎಲ್ಲವೂ ಇದೇ ಮೆಟ್ಟಿಲಿನ ಮೇಲೆ. ಆವತ್ತು ರಾತ್ರಿ ಮಾಳಿಗೆಯ ಮೇಲೆ ನಿಂತು ಎದುರು ಗುಡ್ಡ ನೋಡಿದೆ. ಸಾವಿರಾರು ದೀಪ. ಅಷ್ಟೂ ಮನೆಗಳ ಒಂದೊಂದು ಇಟ್ಟಿಗೆಯನ್ನೂ ಯಾರೋ ಹೊತ್ತುಕೊಂಡೇ ಮೇಲೆ ತಂದಿರಬೇಕು ಅಲ್ವಾ?

ಅಜ್ಜಿಯ ಡೋಲಿ

ಅಲ್ಲಿ ನಿಂತಾಗ ನನಗೆ ನೆನಪಾದದ್ದು ಶ್ರವಣಬೆಳಗೊಳ. ನಾನಾಗ ಏಳನೇ ಕ್ಲಾಸು. ಅಜ್ಜಿಗೆ ಮಂಡಿನೋವು, ಆದರೂ ಗೊಮ್ಮಟನ ಪಾದ ನೋಡಲೇಬೇಕು ಅಂತ ಹಟ. ಅಪ್ಪ ಡೋಲಿ ಮಾಡಿಸಿದರು. ವಿಂಧ್ಯಗಿರಿಯ ಬಂಡೆಯಲ್ಲಿ ಕಡಿದ ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಬಿಸಿಲು, ನಾಲ್ಕು ಜನರ ಹೆಗಲ ಮೇಲೆ ಅಜ್ಜಿ. ಅವರು ಸುತ್ತ ಏನನ್ನೂ ನೋಡಲಿಲ್ಲ. ಕೆಳಗಿನ ಕಲ್ಯಾಣಿ ಎಷ್ಟು ಚಂದ ಕಾಣುತ್ತದೆ ನೋಡಜ್ಜಿ ಅಂದರೂ ಇಲ್ಲ. ಮುಂದಿದ್ದ ಹುಡುಗನ ಕತ್ತನ್ನೇ ನೋಡುತ್ತಾ "ಸುಸ್ತಾಯ್ತೇನಪ್ಪಾ? ಇಳಿಸಪ್ಪಾ ಸ್ವಲ್ಪ" ಅಂತ ಹೇಳುತ್ತಲೇ ಇದ್ದರು. "ಅಲ್ಲಾಡಬೇಡಿ ಅಮ್ಮಾ, ನೀವು ಅಲ್ಲಾಡಿದ್ರೇನೇ ನಮಗೆ ಕಷ್ಟ" ಅಂದ ಅವನು. ಮೇಲೆ ಹೋದ ಮೇಲೆ ಅಜ್ಜಿ ಮೊದಲು ಮಾಡಿದ್ದು ದರ್ಶನ ಅಲ್ಲ. ಬುತ್ತಿಯ ಗಂಟು ಬಿಚ್ಚಿ ಆ ನಾಲ್ಕು ಜನಕ್ಕೆ ಚಪಾತಿ, ಚಟ್ನಿಪುಡಿ ಕೊಟ್ಟರು. ಅವರು ತಿನ್ನುವ ತನಕ ಪಕ್ಕದಲ್ಲೇ ಕೂತಿದ್ದರು. ಆಮೇಲೆ ಎದ್ದು ಗೊಮ್ಮಟನ ಕಡೆ ನಡೆದರು.

ಆಗ ನನಗೆ ಅದು ಬೇಜಾರಾಗಿತ್ತು. ದೇವರ ಮುಂದೆ ಬಂದು ಊಟ ಹಂಚುತ್ತಾ ಕೂತರಲ್ಲ ಅಂತ. ಈಗ ಅನ್ನಿಸುತ್ತದೆ, ಆ ಬೆಟ್ಟದಲ್ಲಿ ಅಜ್ಜಿ ನೋಡಬೇಕಾದ್ದನ್ನೆಲ್ಲ ಸರಿಯಾದ ಕ್ರಮದಲ್ಲೇ ನೋಡಿದರು.

ಬೆಳ್ಳಿ ಮೇಲೆ ಬಂದ ಬಗೆ

ಎರಡನೇ ದಿನ ವಾಲೆನ್ಸಿಯಾನಾಕ್ಕೆ ಹೋದೆ. ಊರಿನ ಮೇಲಿರುವ ಗಣಿಯ ಹಳ್ಳಿ. 1540ರ ದಶಕದ ಕೊನೆಗೆ ಈ ಗುಡ್ಡಗಳಲ್ಲಿ ಬೆಳ್ಳಿ ಸಿಕ್ಕಿತು. ಊರು ಹುಟ್ಟಿದ್ದೇ ಅದರಿಂದ. 18ನೇ ಶತಮಾನದ ಕೊನೆಯಲ್ಲಿ ವಾಲೆನ್ಸಿಯಾನಾ ಜಗತ್ತಿನ ಅತಿ ಶ್ರೀಮಂತ ಬೆಳ್ಳಿ ಗಣಿಗಳಲ್ಲಿ ಒಂದು. ಗಣಿಯ ಒಡೆಯ ಕೌಂಟ್ ಆದ, ಪಕ್ಕದಲ್ಲೇ ಸ್ಯಾನ್ ಕಯೆತಾನೊ ಚರ್ಚು ಕಟ್ಟಿಸಿದ. ಅದು ಮುಗಿದದ್ದು 1788ರಲ್ಲಿ. ಒಳಗೆ ಹೋದರೆ ಎದುರಿಗೂ ಎರಡು ಪಕ್ಕಕ್ಕೂ ಚಿನ್ನದ ಹಾಳೆ ಹೊದಿಸಿದ ಎತ್ತರದ ಮರದ ಕೆತ್ತನೆ. ಕಣ್ಣು ಎಲ್ಲಿ ಇಡಬೇಕು ಅಂತ ಗೊತ್ತಾಗುವುದಿಲ್ಲ. ಬೆಳ್ಳಿ ಸ್ಪೇನಿಗೆ ಹೋಯಿತು, ಅಕಾಪುಲ್ಕೊ ಬಂದರಿನಿಂದ ಮನಿಲಾಕ್ಕೂ ಹೋಯಿತು. ಸ್ಪ್ಯಾನಿಷ್ ಅಮೆರಿಕದ ಬೆಳ್ಳಿ ಯೂರೋಪಿನ ವ್ಯಾಪಾರಿಗಳ ಕೈ ದಾಟಿ ನಮ್ಮ ಕರಾವಳಿಗೂ ಬಂತು, ಮೆಣಸಿಗೆ, ಬಟ್ಟೆಗೆ ಬದಲಾಗಿ. ಇಷ್ಟನ್ನು ಮೊದಲೇ ಓದಿಕೊಂಡಿದ್ದೆ. ಅದನ್ನು ಮೇಲೆ ತಂದವರು ಯಾರು ಅಂತ ಮಾತ್ರ ಯೋಚಿಸಿರಲಿಲ್ಲ.

ಗಣಿಯ ಹಳೆಯ ಬಾಯೊಂದರಲ್ಲಿ ಪ್ರವಾಸಿಗರನ್ನು ಇಳಿಸುತ್ತಾರೆ. ತಲೆಗೆ ಹೆಲ್ಮೆಟ್ಟು, ಕಡಿದಾದ ಕಲ್ಲಿನ ಮೆಟ್ಟಿಲು. ನಮ್ಮನ್ನು ಕರೆದುಕೊಂಡು ಹೋದವರು ವಯಸ್ಸಾದ ಒಬ್ಬ ಗಣಿಕಾರ್ಮಿಕ. ಒಂದು ತಿರುವಿನಲ್ಲಿ ನಿಲ್ಲಿಸಿ ತೆನಾತೆರೊಗಳ ಕಥೆ ಹೇಳಿದರು. ತೆನಾತೆ ಅಂದರೆ ಬುಟ್ಟಿ. ಬುಟ್ಟಿ, ಚೀಲಗಳಲ್ಲಿ ಅದಿರು ತುಂಬಿ ಬೆನ್ನ ಮೇಲೆ ಹೊತ್ತು ತರುವವನು ತೆನಾತೆರೊ. ಸ್ಪೇನಿನವರು ಬರುವ ಮೊದಲು ಈ ದೇಶದಲ್ಲಿ ಎತ್ತು, ಕುದುರೆ, ಹೇಸರಗತ್ತೆ ಇರಲಿಲ್ಲ. ಏನೇ ಸಾಗಿಸಬೇಕಾದರೂ ಮನುಷ್ಯನೇ. ಹಣೆಗೆ ಅಗಲದ ಪಟ್ಟಿ ಹಾಕಿ ಅದರಿಂದ ಬೆನ್ನಿನ ಹೊರೆ ತಡೆಯುತ್ತಿದ್ದರು. ಪ್ರಾಣಿಗಳು ಬಂದ ಮೇಲೂ ಗಣಿಯೊಳಗೆ ಆ ಕೆಲಸ ಮನುಷ್ಯನ ಬೆನ್ನಿಗೇ ಉಳಿಯಿತು. 1803ರಲ್ಲಿ ಇಲ್ಲಿಗೆ ಬಂದಿದ್ದ ಜರ್ಮನಿಯ ವಿಜ್ಞಾನಿ ಹಂಬೋಲ್ಟ್ ಇವರನ್ನು ಕಣ್ಣಾರೆ ನೋಡಿ ಬರೆದಿದ್ದಾನೆ. ನೂರು ಕಿಲೋ ಮೀರಿದ ಹೊರೆ. ಸಾವಿರಕ್ಕೂ ಜಾಸ್ತಿ ಮೆಟ್ಟಿಲು. ಮತ್ತೆ ಇಳಿಯುವುದು, ಮತ್ತೆ ಹತ್ತುವುದು. ಅವರಲ್ಲಿ ಮುದುಕರೂ ಇದ್ದರು, ಸಣ್ಣ ಹುಡುಗರೂ ಇದ್ದರು.

ಹೇಗೆ ಹತ್ತುತ್ತಿದ್ದರು ಅಂತ ಗೈಡ್ ನಡೆದು ತೋರಿಸಿದರು. ಮೈ ಮುಂದಕ್ಕೆ ಬಗ್ಗಿಸಿ, ಕೈಯಲ್ಲಿ ಇಲ್ಲದ ಒಂದು ಗಿಡ್ಡ ಕೋಲು ಊರಿ, ಎಡಗೋಡೆಯಿಂದ ಬಲಗೋಡೆಗೆ, ಬಲಗೋಡೆಯಿಂದ ಎಡಗೋಡೆಗೆ. ಅಡ್ಡಡ್ಡ. ನೇರ ಹತ್ತಿದರೆ ಉಸಿರು ಕಟ್ಟುತ್ತದೆ ಅಂದರು. ಸೆನ್ಯೋರಾ ಹೇಳಿಕೊಟ್ಟದ್ದೂ ಇದನ್ನೇ. ಗುಂಪಿನಲ್ಲಿದ್ದವರು ತಲೆಯಾಡಿಸಿ ಮುಂದೆ ಹೋದರು. ನಾನು ಆ ಮೆಟ್ಟಿಲಿನ ಮೇಲೆ ಕೈ ಇಟ್ಟು ನೋಡಿದೆ. ಕಲ್ಲು ನುಣುಪಾಗಿತ್ತು, ತಣ್ಣಗಿತ್ತು, ನಡುವೆ ಸ್ವಲ್ಪ ಸವೆದಿತ್ತು.

ಮೇಲೆ ಬಂದ ಅದಿರಿನ ಕಥೆಯೂ ಹಗುರದ್ದಲ್ಲ. ಪುಡಿ ಮಾಡಿ, ನೀರು, ಉಪ್ಪು, ಪಾದರಸ ಬೆರೆಸಿ, ಕಲ್ಲು ಹಾಸಿದ ಅಂಗಳದಲ್ಲಿ ಹರಡಿ ವಾರಗಟ್ಟಲೆ ತುಳಿಸುತ್ತಿದ್ದರು. ಹೇಸರಗತ್ತೆಗಳೂ ತುಳಿಯುತ್ತಿದ್ದವು, ಜನರೂ ತುಳಿಯುತ್ತಿದ್ದರು, ಬರಿಗಾಲಲ್ಲಿ. ಪಾದರಸವೂ ಸುಮ್ನೆ ಸಿಗುತ್ತಿರಲಿಲ್ಲ, ಸ್ಪೇನಿನ ಅಲ್ಮಾದೆನ್ ಗಣಿಯಿಂದ ಹಡಗಿನಲ್ಲಿ ಬರಬೇಕಿತ್ತು. ನಮ್ಮ ಮನೆಯ ಬೆಳ್ಳಿ ಕುಂಕುಮದ ಭರಣಿ ಎಷ್ಟು ತಲೆಮಾರಿನದೋ. ಬೆಳ್ಳಿ ಕರಗುತ್ತದೆ, ಬೇರೆ ಆಕಾರ ತಾಳುತ್ತದೆ, ಎಲ್ಲಿಂದ ಬಂದೆ ಅಂತ ಹೇಳುವುದಿಲ್ಲ.

ಬೆನ್ನ ಮೇಲೆ ಚಪ್ಪಡಿ

ಊರಿನ ನಡುವೆ ಅಲೊಂದಿಗಾ ದೆ ಗ್ರಾನಾದಿತಾಸ್ ಅನ್ನುವ ದೊಡ್ಡ ಕಣಜ ಇದೆ. ಬರಗಾಲಕ್ಕೆ ಧಾನ್ಯ ಇಡೋಕೆ ಕಟ್ಟಿದ್ದು, ಮುಗಿದದ್ದು 1809ರಲ್ಲಿ. ಮರುವರ್ಷವೇ ಸ್ವಾತಂತ್ರ್ಯದ ಹೋರಾಟ ಶುರುವಾಯಿತು. ಪಾದ್ರಿ ಮಿಗೆಲ್ ಇದಾಲ್ಗೊ ಸಾವಿರಾರು ಜನರ ಜೊತೆ ಊರಿಗೆ ಬಂದಾಗ ಸ್ಪೇನಿನ ಕಡೆಯವರು, ಊರಿನ ಶ್ರೀಮಂತರು ಹಣ, ಬೆಳ್ಳಿ ಸಮೇತ ಈ ಕಣಜದೊಳಗೆ ಸೇರಿಕೊಂಡರು. ಸೆಪ್ಟೆಂಬರ್ 28, 1810. ಮೇಲಿಂದ ಗುಂಡಿನ ಮಳೆ, ಬಾಗಿಲ ಹತ್ತಿರ ಯಾರಿಗೂ ಹೋಗೋಕೆ ಆಗುತ್ತಿಲ್ಲ. ಆಗ ಪೀಪಿಲಾ ಅನ್ನುವ ಅಡ್ಡಹೆಸರಿನ ಗಣಿಕಾರ್ಮಿಕನೊಬ್ಬ ಬೆನ್ನ ಮೇಲೆ ಕಲ್ಲಿನ ಚಪ್ಪಡಿ ಕಟ್ಟಿಕೊಂಡು, ಅಂಬೆಗಾಲಿಡುತ್ತಾ ಹೋಗಿ ಬಾಗಿಲಿಗೆ ಬೆಂಕಿ ಹಚ್ಚಿದ. ಒಳಗಿದ್ದವರ ಕೊಲೆಯಾಯಿತು. ಮುಂದಿನ ವರ್ಷ ಇದಾಲ್ಗೊ ಮತ್ತು ಅವನ ಮೂವರು ಸಂಗಡಿಗರ ತಲೆ ಕಡಿದು ಇದೇ ಕಟ್ಟಡದ ನಾಲ್ಕು ಮೂಲೆಗೆ ನೇತುಹಾಕಿದರು. 1821ರ ತನಕ, ಹತ್ತು ವರ್ಷ, ಅವು ಅಲ್ಲೇ ಇದ್ದವು.

ಪೀಪಿಲಾ ನಿಜಕ್ಕೂ ಹಾಗೆ ಮಾಡಿದನೇ ಅನ್ನುವುದರಲ್ಲಿ ಇತಿಹಾಸಕಾರರಿಗೆ ಒಮ್ಮತ ಇಲ್ಲ. ಗಣಿಯಿಂದ ಬಂದ ಮಾರನೇ ದಿನ ಆ ಬಾಗಿಲ ಮುಂದೆ ನಿಂತಾಗ ನನಗೆ ಆ ಪ್ರಶ್ನೆ ದೊಡ್ಡದು ಅನ್ನಿಸಲಿಲ್ಲ. ಈ ಊರಿನ ಜನ ತಮ್ಮ ವೀರನನ್ನು ಯಾವ ಆಕಾರದಲ್ಲಿ ಕಂಡುಕೊಂಡರು ನೋಡಿ. ಕುದುರೆ ಇಲ್ಲ, ಕತ್ತಿ ಇಲ್ಲ. ಬಗ್ಗಿದ ಬೆನ್ನು, ಅದರ ಮೇಲೆ ಕಲ್ಲು. ದಿನವೂ ಒಡೆಯನಿಗಾಗಿ ಹೊತ್ತಿದ್ದನ್ನೇ ಆವತ್ತು ಒಂದು ಸಲ ತಮಗಾಗಿ ಹೊತ್ತರು. ಊರಿನ ಮೇಲಿನ ಗುಡ್ಡದಲ್ಲಿ 1939ರಿಂದ ಅವನ ದೊಡ್ಡ ಕಲ್ಲಿನ ಪ್ರತಿಮೆ ನಿಂತಿದೆ, ಪಂಜು ಎತ್ತಿ ಹಿಡಿದು. ಸುಡಬೇಕಾದ ಅಲೊಂದಿಗಾಗಳು ಇನ್ನೂ ಇವೆ ಅಂತ ಅದರ ಕೆಳಗೆ ಬರೆದಿದೆ. ಎಲ್ಲರೂ ಆ ಪ್ರತಿಮೆಯ ಬುಡದಲ್ಲೇ ನಿಂತು, ಅದಕ್ಕೆ ಬೆನ್ನು ಹಾಕಿ, ಕೆಳಗಿನ ಬಣ್ಣದ ಊರಿನ ಫೋಟೋ ತೆಗೆಯುತ್ತಾರೆ. ಯುನೆಸ್ಕೋ 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಊರು ಅದು. ಅಲ್ಲಿಂದ ನೋಡಿದರೆ ನಿಜಕ್ಕೂ ಮಾತು ಹೊರಡುವುದಿಲ್ಲ. ಆದರೆ ಆ ಎತ್ತರದಿಂದ ಜನ ಕಾಣುವುದಿಲ್ಲ.

ಮಮ್ಮಿಗಳ ಮ್ಯೂಸಿಯಂಗೆ ನಾನು ಹೋಗಲಿಲ್ಲ. ಸಮಾಧಿಯ ಶುಲ್ಕ ಕಟ್ಟಲಾಗದವರ ಹೆಣಗಳನ್ನು ಹೊರಗೆ ತೆಗೆದಾಗ, ಒಣಗಿ ಹಾಗೇ ಉಳಿದವು ಅವು. ಅವರನ್ನು ಗಾಜಿನ ಹಿಂದೆ ನಿಲ್ಲಿಸಿ ಟಿಕೆಟ್ ಇಡುವುದು ನನಗೆ ಸರಿ ಕಾಣಲಿಲ್ಲ.

ಹೂ ಹೊರೆ

ಪೋಸಿತೋಸ್ ಬೀದಿಯಲ್ಲಿ ಚಿತ್ರಕಾರ ದಿಯೆಗೊ ರಿವೇರಾ ಹುಟ್ಟಿದ ಮನೆ ಇದೆ, ಈಗ ಮ್ಯೂಸಿಯಂ. ಹುಟ್ಟಿದ್ದು 1886ರಲ್ಲಿ. ಚಿಕ್ಕಂದಿನಲ್ಲೇ ಊರು ಬಿಟ್ಟ. ಅವನ ಒಂದು ಚಿತ್ರದ ಪ್ರಿಂಟು ನಾನು ತುಂಬ ಸಲ ನೋಡಿದ್ದೆ. 1935ರಲ್ಲಿ ಬರೆದ 'ಹೂ ಹೊರುವವನು'. ಮೂಲ ಚಿತ್ರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದೆ. ಬಿಳಿ ಬಟ್ಟೆಯ ಒಬ್ಬ ಮನುಷ್ಯ ನೆಲಕ್ಕೆ ಕೈ ಮಂಡಿ ಊರಿದ್ದಾನೆ. ಬೆನ್ನ ಮೇಲೆ ಅವನಿಗಿಂತ ದೊಡ್ಡ ಹೂವಿನ ಬುಟ್ಟಿ, ಎದೆಗೆ ಕಟ್ಟಿದ ಹಳದಿ ಬಟ್ಟೆ. ಹಿಂದೆ ನಿಂತ ಹೆಂಗಸು ಬುಟ್ಟಿಯನ್ನು ಸರಿಮಾಡುತ್ತಿದ್ದಾಳೆ. ಹೂವೂ ಹೊರೆಯೇ ಅಂತ ಆ ಚಿತ್ರ ನೋಡುವವರೆಗೆ ನನಗೆ ಹೊಳೆದಿರಲಿಲ್ಲ.

ಅಲ್ಲಿಂದ ಇದಾಲ್ಗೊ ಮಾರ್ಕೆಟ್ಟಿಗೆ ಬಂದೆ. ನವೆಂಬರ್ 1, 2ರಂದು ಅವರಿಗೆ ಸತ್ತವರ ಹಬ್ಬ, ನಮ್ಮ ಪಿತೃಪಕ್ಷದ ಹಾಗೆ, ಆದರೆ ಹಾಡು, ಸಿಹಿ, ದೀಪದ ಜೊತೆ. ಹೊರಗೆ ಬೀದಿಯುದ್ದಕ್ಕೂ ಚೆಂಡು ಹೂವಿನ ರಾಶಿ. ನಮ್ಮ ಆಯುಧಪೂಜೆಯ ಅದೇ ಚೆಂಡು ಹೂವು, ಅದೇ ಕಟುವಾದ ವಾಸನೆ. ಅದರ ತವರು ಮೆಕ್ಸಿಕೋ. ಅಲ್ಲಿಂದಲೇ ನಮ್ಮಲ್ಲಿಗೆ ಬಂದದ್ದು, ಮೆಣಸಿನಕಾಯಿಯ ಹಾಗೆ. (ಊರಿನ ಮುಖ್ಯ ಚೌಕದಲ್ಲಿ ಚೌಕಾಕಾರಕ್ಕೆ ಕತ್ತರಿಸಿದ ದಟ್ಟ ಮರಗಳಿವೆ. ಅವನ್ನು ಅಲ್ಲಿ ಇಂಡಿಯಾದ ಲಾರೆಲ್ ಅನ್ನುತ್ತಾರೆ. ನಮ್ಮ ಆಲದ ಜಾತಿಯದೇ ಮರ. ಹೋದದ್ದೂ ಇದೆ, ಬಂದದ್ದೂ ಇದೆ.) ಒಬ್ಬ ಹೆಂಗಸು ಆ ಹೂವಿನ ದೊಡ್ಡ ಕಂತೆಯನ್ನು ಶಾಲಿನಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಹಿಂದಿನಿಂದ ಅವಳ ತಲೆ ಕಾಣುತ್ತಿರಲಿಲ್ಲ. ಹೂವೇ ಹತ್ತುತ್ತಿದ್ದ ಹಾಗಿತ್ತು. ಫೋನ್ ತೆಗೆದವಳು ಹಾಗೇ ಒಳಗಿಟ್ಟೆ.

ಆ ಫೋಟೋ

ಅಕ್ಕ ನೋಡಿದ ಫೋಟೋ ತೆಗೆದದ್ದು ಅದೇ ಸಂಜೆ. ನಾಲ್ಕೂವರೆಯ ಬಿಸಿಲು ಓಣಿಯೊಳಗೆ ಓರೆಯಾಗಿ ಬಿದ್ದಿತ್ತು. ಹಳದಿ ಗೋಡೆ ಉರಿಯುತ್ತಿದೆಯೋ ಅನ್ನುವ ಹಾಗೆ. ಮನೆಗೆ ಇನ್ನು ನಲವತ್ತು ಮೆಟ್ಟಿಲು ಇದ್ದಿರಬೇಕು. ನಡುವಲ್ಲಿ ನಿಂತು ಮೇಲ್ಗಡೆಯ ಫೋಟೋ ತೆಗೆಯತೊಡಗಿದೆ. ಒಂದು, ಎರಡು, ಹತ್ತು. ಒಂದು ಮೆಟ್ಟಿಲು ಮೇಲೆ, ಒಂದು ಮೆಟ್ಟಿಲು ಕೆಳಗೆ. ಎಷ್ಟು ಹೊತ್ತು ಅಂತ ಲೆಕ್ಕ ಇಲ್ಲ. ಹಿಂದೆ ಯಾರೋ ಉಸಿರು ಬಿಡುವ ಸದ್ದು ಕೇಳಿ ತಿರುಗಿದೆ.

ಎರಡು ಮೆಟ್ಟಿಲು ಕೆಳಗೆ ಅವನು ನಿಂತಿದ್ದ. ಐವತ್ತರ ಆಸುಪಾಸಿನ ಗಂಡಸು, ಗಿಡ್ಡ, ಗಟ್ಟಿ ಮೈ. ಬೆನ್ನ ಮೇಲೆ ತುಂಬಿದ 20 ಲೀಟರಿನ ಕ್ಯಾನು, ಹಗ್ಗ ಹೆಗಲ ಮೇಲಿಂದ ಬಂದು ಎಡಗೈಗೆ ಸುತ್ತಿತ್ತು. ಹೆಗಲಿನ ಮೇಲೆ ಮಡಚಿದ ಒಂದು ಟವೆಲ್. ಅಂಗಿ ಬೆನ್ನಿಗೆ ಅಂಟಿತ್ತು. ಅವನು ನನ್ನನ್ನು ಕರೆದಿರಲಿಲ್ಲ. ನನ್ನ ಫೋಟೋ ಮುಗಿಯಲಿ ಅಂತ ಕಾಯುತ್ತಿದ್ದ. ಹೊರೆ ಇಳಿಸುವ ಹಾಗಿಲ್ಲ, ಇಳಿಸಿದರೆ ಮತ್ತೆ ಎತ್ತೋಕೆ ಇನ್ನೊಬ್ಬರು ಬೇಕು. ಗೋಡೆಗೆ ಒಂದು ಕೈ ಊರಿ ಹಾಗೇ ನಿಂತಿದ್ದ. ನಾನು ತಡವರಿಸುತ್ತಾ ಕ್ಷಮೆ ಕೇಳಿದೆ. "ತೆಗೀರಿ, ತೆಗೀರಿ, ನಿಧಾನಕ್ಕೆ ತೆಗೀರಿ" ಅಂದ. ಮುಖದಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ.

ನಾನು ಗೋಡೆಗೆ ಒರಗಿ ದಾರಿ ಬಿಟ್ಟೆ. ಅವನು ಹತ್ತತೊಡಗಿದ. ನೇರವಾಗಿ ಅಲ್ಲ. ಹಳದಿ ಗೋಡೆಯಿಂದ ಗುಲಾಬಿ ಗೋಡೆಗೆ, ಗುಲಾಬಿ ಗೋಡೆಯಿಂದ ಹಳದಿ ಗೋಡೆಗೆ. ಪ್ರತಿ ತಿರುವಿಗೂ ಕ್ಯಾನಿನೊಳಗೆ ನೀರು ಗುಳುಕ್ ಅನ್ನುತ್ತಿತ್ತು. ಆಗ ತೆಗೆದ ಒಂದೇ ಒಂದು ಫೋಟೋ ಅದು. ಅಕ್ಕ ಹೇಳಿದ್ದು ಸರಿಯೇ. ಅವನು ಅಡ್ಡ ಬಂದಿದ್ದ. ಗಣಿಯ ಮೆಟ್ಟಿಲಿನ ಮೇಲೆ ತೆನಾತೆರೊಗಳು ಬಂದ ಹಾಗೆ, ಉಸಿರು ಉಳಿಸಿಕೊಳ್ಳೋಕೆ ಅಡ್ಡಡ್ಡ ಬಂದಿದ್ದ. ಅದಕ್ಕೂ ಮುಂಚೆ ಅವನ ದಾರಿಗೆ ಅಡ್ಡ ನಿಂತಿದ್ದವಳು ನಾನು.

ಮೊನ್ನೆ ಫೋನಿನಲ್ಲಿ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ನೀರು ಯಾರ ಮನೆಗೆ ತಗೊಂಡು ಹೋಗ್ತಿದ್ನಂತೆ?" ಅಂತ ಕೇಳಿದಳು.

ನಾನು ಮೇಲೆ ಬಂದಾಗ ಸೆನ್ಯೋರಾ ಅಡುಗೆಮನೆಯಲ್ಲಿ ಆಲೂಗಡ್ಡೆ, ಕ್ಯಾರೆಟ್ ಹುರಿಯುತ್ತಿದ್ದರು. ಒಣ ಮೆಣಸಿನ ಸಾರಿನಲ್ಲಿ ಅದ್ದಿದ ಜೋಳದ ರೊಟ್ಟಿಯ ಮೇಲೆ ಅದನ್ನು ಹಾಕುತ್ತಾರೆ. ಗಣಿಕಾರ್ಮಿಕರ ಎಂಚಿಲಾದಾ ಅಂತ ಹೆಸರು. ಬಾಗಿಲ ಪಕ್ಕ ನೀಲಿ ಕ್ಯಾನು ಇತ್ತು. ಸುತ್ತ ನೆಲ ಇನ್ನೂ ಒದ್ದೆ. ಖಾರ ಜೋರಾಗಿತ್ತು. ಎರಡು ಲೋಟ ನೀರು ಬಗ್ಗಿಸಿಕೊಂಡು ಕುಡಿದೆ.